ಹುಡುಗ ಹ್ಯಾಂಗದಾನ? ಕೊಲೆ ಆಮ್ಯಾಲ

ವಿಜಯಪುರದ ನಮ್ಮ ಓಣಿಯಲ್ಲಿ ಕಾದಂಬರಿ ಚಲೋ ಐತೋ ಇಲ್ಲೋ ಅಂತ ಯಾರೂ ಕೇಳುವುದಿಲ್ಲ. ಹುಡುಗ ಹ್ಯಾಂಗದಾನ ಅಂತ ಕೇಳುತ್ತಾರೆ. ಪ್ರೇಮ, ಕೊಲೆ ಎರಡೂ ಒಂದೇ ರಟ್ಟಿನೊಳಗಿದ್ದರಂತೂ ಮುಗಿದೇ ಹೋಯಿತು. ಇವನು ಪ್ರೇಮಿಯೋ ಕೊಲೆಗಾರನೋ ಎಂದು ಲೇಖಕಿ ಮುನ್ನೂರು ಪುಟ ಒದ್ದಾಡಿರುತ್ತಾರೆ. ನಮ್ಮವರಿಗೆ ಬೇಕಾದದ್ದು ಅವನ ಮನೆತನ, ಹೊಲ, ಹೊಲಕ್ಕೆ ನೀರು.

ಅಂಥದ್ದೊಂದು ಪುಸ್ತಕ ಬೆಂಗಳೂರಿನಿಂದ ರಜೆಗೆ ಬಂದ ಚಿಗವ್ವನ ಮಗಳ ಬ್ಯಾಗಿನಲ್ಲಿ ನಮ್ಮ ಮನೆಗೆ ಬಂತು. ಹೆಸರು ಹೇಳುವುದಿಲ್ಲ, ಪಾಪ, ಬರೆದವರಿಗೂ ಮನಸ್ಸಿರುತ್ತದೆ. ಕತೆ ನಮ್ಮೂರಿನದೇ. ಆದಿಲ್‌ಶಾಹಿ ಕಟ್ಟಡಗಳ ಫೋಟೊ ತೆಗೆಯಲು ಬಂದ ಹುಡುಗಿ, ತಿಕೋಟಾ ಕಡೆ ದ್ರಾಕ್ಷಿ ತೋಟವಿರುವ ಹುಡುಗ, ಬಾವಿಗೆ ಬಿದ್ದು ಸತ್ತ ಅವನ ಮೊದಲ ಹೆಂಡತಿ. ದೊಡ್ಡ ವಾಡೆ, ಅದರೊಳಗೆ ಸದಾ ಕೀಲಿ ಜಡಿದ ಒಂದು ಕೋಣೆ. (ನಮ್ಮ ಮನೆಗಳಲ್ಲಿ ಅಂಥ ಕೋಣೆಯ ಕೀಲಿ ತೆಗೆದರೆ ಹೋದ ವರ್ಷದ ಜೋಳದ ಚೀಲ ಸಿಗುತ್ತವೆ.)

ಏಪ್ರಿಲ್ ಬಿಸಿಲಿಗೆ ಬೆನ್ನಿನ ಅಂಟು ಬಿಟ್ಟು ಪುಸ್ತಕ ನಟ್ಟನಡುವೆ ಎರಡು ಹೋಳಾಯಿತು. ಮೊದಲ ಹೋಳು ವೈನಿಯ ಕೈಯಲ್ಲಿತ್ತು. ಅವರು ಮುಗಿಸುವ ತನಕ ಕಾಯುವ ಪೈಕಿ ಅಲ್ಲ ಅವ್ವ. “ನನಗ ಯಾವುದಾದ್ರೂ ನಡೀತೈತಿ” ಅಂತ ಎರಡನೆಯದನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಕೂತಳು. ಆ ದಿನದಿಂದ ಮನೆಯಲ್ಲಿ ಇಬ್ಬರು ನಾಯಕರು. ಮೊದಲ ಅರ್ಧದವನು ನಡುರಾತ್ರಿ ಕೆಸರು ಬೂಟಿನಲ್ಲಿ ಮನೆಗೆ ಬರುತ್ತಾನೆ, ಬಾವಿಯ ಮಾತೆತ್ತಿದರೆ ಮುಖ ತಿರುಗಿಸುತ್ತಾನೆ. ಎರಡನೆಯ ಅರ್ಧದವನು ಲಾಕಪ್ಪಿನಲ್ಲಿ ಹಸಿದು ಕೂತಿದ್ದಾನೆ.

“ಎರಡು ದಿನಾ ಆತು, ಆ ಹುಡುಗ ಒಂದು ತುತ್ತು ಉಂಡಿಲ್ಲ” ಎಂದು ಅವ್ವ ಕಣ್ಣೊರೆಸಿಕೊಂಡಳು.

“ಅತ್ತಿ, ಅಂವ ಮೊದಲನೇ ಹೇಣ್ತಿ ಬರದ ಪತ್ರಾ ಎಲ್ಲಾ ಸುಟ್ಟಾನ್ರಿ!”

“ಸುಡಲಿ ಬಿಡವಾ. ಹಳೇ ಕಾಗದಾ ಮನ್ಯಾಗ ಇಟ್ಕೊಂಡು ಏನ್ ಮಾಡ್ಬೇಕು? ನಿನ್ನ ಗಂಡ ಹತ್ತು ವರ್ಷದ ಲೈಟ್ ಬಿಲ್ಲಾ ಇಟ್ಟಾನ, ಅದೇನು ಚಲೋತನಾ?”

ಊಟಕ್ಕೆ ಕೂತಿದ್ದ ಅಣ್ಣ ಮಜ್ಜಿಗೆ ಕೇಳದೇ ಎದ್ದುಹೋದ.

ಕಾದಂಬರಿಯ ದೊಡ್ಡ ದೃಶ್ಯ ನಡೆಯುವುದು ಗೋಳಗುಮ್ಮಟದ ಗ್ಯಾಲರಿಯಲ್ಲಿ. ನಾಯಕಿ ಗೋಡೆಗೆ ಬಾಯಿಟ್ಟು ತನ್ನ ಸಂಶಯ ಪಿಸುಗುಟ್ಟುತ್ತಾಳೆ, ಎದುರು ಬದಿಗೆ ಅಡಗಿದ ಕೊಲೆಗಾರರ ಕಿವಿಗೆ ಅದು ಬೀಳುತ್ತದೆ. ಇದರಲ್ಲಿ ಸುಳ್ಳಿಲ್ಲ. ಸುಮಾರು 37 ಮೀಟರ್ ಆಚೆ ಗೋಡೆಗೆ ಕಿವಿಗೊಟ್ಟವರಿಗೆ ಪಿಸುಮಾತು ಕೇಳುತ್ತದೆ. ದುಂಡು ಗೋಡೆ ದನಿಯನ್ನು ಚದುರಲು ಬಿಡದೆ ಅಂಚಿನಗುಂಟ ಸಾಗಿಸುತ್ತದೆ. ಸುಳ್ಳಿರುವುದು ಲೇಖಕಿ ಬರೆದ “ಗಾಢ ಮೌನ”ದಲ್ಲಿ. ಯಾವುದೋ ಊರಿನ ಶಾಲೆಯ ಹುಡುಗರು ಅಲ್ಲಿ ನಿಂತು ಓ ಎಂದು ಕೂಗದ ಗಳಿಗೆಯನ್ನು ನಾನಂತೂ ಕಂಡಿಲ್ಲ.

ವೈನಿಗೆ ಪರೀಕ್ಷೆ ಮಾಡಿಯೇ ನೋಡುವ ಹಟ. ಒಂದು ಭಾನುವಾರ ಮಗನನ್ನೂ ನನ್ನನ್ನೂ ಎಳೆದುಕೊಂಡು ಹೊರಟರು. ಮೂಲೆಯ ಗೋಪುರ ಏಳು ಅಂತಸ್ತು. ನಾಲ್ಕನೆಯದಕ್ಕೇ ನನ್ನ ಮೊಣಕಾಲು ರಾಜೀನಾಮೆ ಕೊಟ್ಟವು. ಹುಡುಗನನ್ನು ಎದುರು ಬದಿಗೆ ಅಟ್ಟಿ, ವೈನಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಕೇಳಿದರು, “ಏ, ಕೇಳಸ್ತೈತೇನೋ?” ಅವನು ಎಲ್ಲರಿಗಿಂತ ಮೊದಲು ಕೊನೆಯ ಪುಟ ಓದಿ ಮುಗಿಸಿದ್ದು ನಮಗಾರಿಗೂ ಗೊತ್ತಿರಲಿಲ್ಲ. ಪಿಸುಗುಟ್ಟುವುದಂತೂ ಅವನ ಜಾತಕದಲ್ಲೇ ಇಲ್ಲ.

“ಮಮ್ಮೀ, ಅತ್ತೀನ ಕೊಂದಾಳ!”

ಗುಮ್ಮಟ ಅದನ್ನು ಏಳು ಸಲ ಹೇಳಿತು. ಶಾಲೆಯ ಹುಡುಗರು ಗಪ್ಪಾದರು. ನಮ್ಮ ಪಕ್ಕ ಇಂಡಿ ಕಡೆಯ ಒಬ್ಬ ಅಜ್ಜಿ ಸೊಸೆಯ ಭುಜ ಹಿಡಿದು ದಣಿವಾರಿಸಿಕೊಳ್ಳುತ್ತಿದ್ದಳು. ಮೂರನೆಯ ಪ್ರತಿಧ್ವನಿಗೆ ಕೈ ಬಿಟ್ಟಳು. ಐದನೆಯದಕ್ಕೆ ಕಟಾಂಜನದಿಂದ ದೂರ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತಳು.

ಕೊಲೆ ಮಾಡಿದ್ದು ನಾಯಕನ ಸೋದರತ್ತೆ ಎಂದು ಹೀಗೆ ಇಡೀ ಗುಮ್ಮಟಕ್ಕೇ ತಿಳಿಯಿತು. ವೈನಿ ಸಿಟ್ಟಿನಲ್ಲೇ ಇಳಿದರು. ಕೆಳಗೆ ಮುಹಮ್ಮದ್ ಆದಿಲ್ ಶಾಹನ ಗೋರಿಯ ಸಾಲಿನಲ್ಲೇ ನರ್ತಕಿ ರಂಭಾಳ ಗೋರಿಯೂ ಇದೆಯಲ್ಲ, ಗೈಡ್ ಒಬ್ಬ ಅವಳ ಕತೆ ಹೇಳುತ್ತಿದ್ದ: ಪ್ರೀತಿ ಖರೆ ಇದ್ದರೆ ಜಿಗಿ ಅಂದನಂತೆ ಸುಲ್ತಾನ, ಜಿಗಿದಳಂತೆ. ವೈನಿ ನಿಂತು ಕೇಳಿ, “ನೋಡ್ರಿ, ಎರಡು ಮಾತಿನ್ಯಾಗ ಮುಗೀತು. ಈಕಿ ಮುನ್ನೂರು ಪುಟಾ ಬರದಾಳ” ಅಂದರು.

ಮನೆಗೆ ರೊಟ್ಟಿ ಬಡಿಯಲು ಬರುವ ಅಕ್ಕನಿಗೆ ಇದರಿಂದ ಏನೂ ಆಶ್ಚರ್ಯವಾಗಲಿಲ್ಲ. ಆಕೆಗೆ ಅಕ್ಷರ ಬಾರದು. ಅವ್ವ ಹೇಳಿದ ಅರ್ಧಂಬರ್ಧ ಕತೆ ಕೇಳಿಯೇ ತೀರ್ಪು ಕೊಟ್ಟಿದ್ದಳು. “ನೀರಿಗೆ ಹ್ವಾದಾಕಿ ಬಾವಿಗೆ ಬಿದ್ದಾಳಂದ್ರ ಕೊಡ ಎಲ್ಲಿ ಹ್ವಾತ್ರಿ? ಕೊಡ ಅಡಗಿಮನ್ಯಾಗ ಅದರ ಜಾಗಾದಾಗ ಇತ್ತಂದ್ರ, ತಂದ ಇಟ್ಟಾಕಿನ ಹಿಡೀರಿ.” ಲೇಖಕಿಯ ಇನ್‌ಸ್ಪೆಕ್ಟರಿಗೆ ಈ ಪ್ರಶ್ನೆ ಹೊಳೆಯಲು 280ನೇ ಪುಟ ಬರಬೇಕಾಯಿತು. ಇಡೀ ಓಣಿಯಲ್ಲಿ ಕತೆಯ ಒಳಗೆ ಹೊಕ್ಕು ನೋಡಿದ್ದು ಆಕೆಯೊಬ್ಬಳೇ ಎಂದು ನನ್ನ ಅಭಿಪ್ರಾಯ.

ಉಳಿದವರು ಕಾಕಾ. ಅವರು ಓದಿದ್ದು ಒಂದೇ ಅಧ್ಯಾಯ. ಅದರಲ್ಲಿ ಶ್ರಾವಣದ ಜಿಟಿಜಿಟಿ ಮಳೆ, ಚಪ್ಪರದಡಿ ನಾಯಕ ದ್ರಾಕ್ಷಿ ಗೊಂಚಲು ಕಿತ್ತು ಒಂದೊಂದೇ ಹಣ್ಣು ನಾಯಕಿಯ ಬಾಯಿಗಿಡುತ್ತಾನೆ. ಚಿಗವ್ವನ ಮಗಳು ಪೆನ್ಸಿಲ್ಲಿನಲ್ಲಿ ಹೃದಯದ ಗುರುತು ಹಾಕಿಟ್ಟ ಪುಟ. ಅರ್ಧ ಆಯುಷ್ಯ ದ್ರಾಕ್ಷಿಗೇ ಕೊಟ್ಟ ಕಾಕಾ ಕನ್ನಡಕ ತೆಗೆದರು.

“ಬಳ್ಳಿ ಕತ್ತರಿಸೂ ಚಾಟ್ನಿ ಏಪ್ರಿಲ್‌ದಾಗ ಒಂದು, ಅಕ್ಟೋಬರ್‌ದಾಗ ಒಂದು. ಹಣ್ಣು ಬರೂದು ಫೆಬ್ರುವರಿ, ಮಾರ್ಚ್‌ಗೆ. ಶ್ರಾವಣದಾಗ ಬಳ್ಳ್ಯಾಗ ಎಲಿ ಬಿಟ್ಟರ ಏನೈತೋ? ಕೋಲ್ಡ್ ಸ್ಟೋರೇಜಿನ ಮಾಲ ತಂದು ತ್ವಾಟದ್ದು ಅಂತ ತಿನ್ನಸ್ಯಾನ. ಅಲ್ಲೇ ಗೊತ್ತಾತು ನನಗ, ಇಂವ ಕಳ್ಳ.”

ಅವನು ನಿರಪರಾಧಿ, ಕೋರ್ಟೇ ಬಿಟ್ಟಿದೆ ಎಂದೆ.

“ಕೊಲೆ ಮಾಡಿಲ್ಲ, ಖರೆ. ಸುಳ್ಳ ಹೇಳ್ಯಾನಿಲ್ಲೋ?”

ಪ್ರಕಾಶಕರ ವಿಳಾಸಕ್ಕೆ ಪತ್ರವನ್ನೂ ಹಾಕಿದರು. ಅಂಚೆಪೆಟ್ಟಿಗೆಗೆ ಹಾಕುವ ಮೊದಲು ನನಗೆ ತೋರಿಸಿದ್ದರು: “ಕೊಲೆ ಬರೋಬರಿ ಐತಿ. ದ್ರಾಕ್ಷಿ ತಪ್ಪೈತಿ. ಮುಂದಿನ ಮುದ್ರಣದಾಗ ಪ್ರೇಮಾ ಫೆಬ್ರುವರಿಗೆ ಹಾಕ್ರಿ. ಶ್ರಾವಣನ ಬೇಕಂದ್ರ ಪೇರಲ ಹಣ್ಣು ತಿನ್ನಸ್ರಿ.”