ತುದಿಗೂ ಅದೇ ದುಡ್ಡು

ಬೆಳಗ್ಗೆಯಿಂದ ಒಂಬತ್ತು ಫೋನ್ ಬಂದಿವೆ. ಎಲ್ಲವೂ ನೆಂಟರದ್ದು, ಎಲ್ಲರದ್ದೂ ಒಂದೇ ಮಾತು. "ಫೋಟೋ ನೋಡಿದ್ವಿ ಕಣೋ, ಎಷ್ಟು ಖುಷಿಯಾಗಿದೀಯ!" ಮೈಸೂರಿನ ಚಿಕ್ಕಮ್ಮನಂತೂ ಅಳುವುದೊಂದು ಬಾಕಿ. "ನೀನು ಹೀಗೆ ಬಾಯ್ತುಂಬಾ ನಕ್ಕಿದ್ದು ನೋಡಿ ಎಷ್ಟು ವರ್ಷ ಆಗಿತ್ತಪ್ಪಾ" ಅಂದರು. ನಾನು "ಹ್ಞೂಂ ಚಿಕ್ಕಮ್ಮ" ಅಂದು ಸುಮ್ಮನಾದೆ. ಜಾಸ್ತಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹಲ್ಲುಜ್ಜಲು ಬಗ್ಗಿದರೆ ವಾಷ್ ಬೇಸಿನ್ ಎಡಕ್ಕೆ ಜಾರುತ್ತಿದೆ. ಮಲಗಿದರೆ ಮಂಚ ಮೆಲ್ಲಗೆ ತೂಗಲು ಶುರು ಮಾಡುತ್ತದೆ. ನಿನ್ನೆ ಇಳಿದ ಹಡಗಿನಿಂದ ನಾನಿನ್ನೂ ಪೂರ್ತಿ ಇಳಿದಿಲ್ಲ.

ಫೋಟೋ ಹೀಗಿದೆ. ಮೈಸೂರು ರಸ್ತೆ ಕಡೆಯ ಒಂದು ಪಾರ್ಕಿನಲ್ಲಿ, ಜೋಕಾಲಿ ಥರ ತೂಗುವ ಕೊಲಂಬಸ್ ಹಡಗಿನ ಕಟ್ಟಕಡೆಯ ಸಾಲಿನಲ್ಲಿ ಕೂತಿದ್ದೇನೆ. ಎರಡೂ ಕೈ ಆಕಾಶಕ್ಕೆ. ಬಾಯಿ ಅಷ್ಟಗಲ. ಕಣ್ಣಲ್ಲಿ ನೀರು. ಪಕ್ಕದಲ್ಲಿ ಭಾವ, ಬಸ್‌ಸ್ಟಾಪಿನಲ್ಲಿ ಪೇಪರ್ ಓದುವವರ ಹಾಗೆ ಆರಾಮಾಗಿ. ಕೆಳಗೆ ಅವರೇ ಬರೆದ ಸಾಲು: "ಲೈಫ್ ಅಂದ್ರೆ ಇದು!!" ಫ್ಯಾಮಿಲಿ ಗ್ರೂಪಿನ ಡಿಪಿ ಕೂಡ ಈಗ ಅದೇ.

ಅದು ಖುಷಿ ಅಲ್ಲ ಸ್ವಾಮಿ. ಅದು ಹಡಗು ನಿಲ್ಲಿಸಿ ಅಂತ ನಾನು ಮಾಡಿದ ಸನ್ನೆ.

ಭಾವ ಅಂದರೆ ಅಕ್ಕನ ಗಂಡ. ಮೂವತ್ತು ಚಿಲ್ಲರೆ ವರ್ಷ ಅಕೌಂಟ್ಸ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ಅವರು ರಿಟೈರ್ ಆದರೂ ಅವರ ಭಾಗಾಕಾರ ಆಗಿಲ್ಲ. ಪ್ರಪಂಚದಲ್ಲಿ ಏನೇ ಕಂಡರೂ ಅದನ್ನು ಇನ್ನೊಂದರಿಂದ ಭಾಗಿಸಿ "ಒಂದಕ್ಕೆ ಎಷ್ಟು ಬಿತ್ತು" ಅಂತ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಮದುವೆ ಊಟಕ್ಕೆ ಪಕ್ಕದಲ್ಲಿ ಕೂತರೆ ಕಿವಿಯಲ್ಲಿ ಪಿಸುಗುಡುತ್ತಾರೆ. "ಮುಯ್ಯಿ 500 ಹಾಕಿದೀಯ. ನಾಲ್ಕು ಹೋಳಿಗೆ ತಿಂದಿದೀಯ. ಹೋಳಿಗೆಗೆ 125 ಬಿತ್ತು. ಇನ್ನೆರಡು ಹಾಕಿಸ್ಕೋ, 83ಕ್ಕೆ ಇಳಿಯುತ್ತೆ." ಇಂಥವರನ್ನು ಒಂದೇ ಟಿಕೆಟ್ಟಿಗೆ ಎಷ್ಟು ರೈಡು ಬೇಕಾದರೂ ಹತ್ತಬಹುದಾದ ಜಾಗಕ್ಕೆ ಕರಕೊಂಡು ಹೋಗಬಾರದಿತ್ತು. ಅಕ್ಕ ಬುದ್ಧಿವಂತೆ, ಹಿಂದಿನ ರಾತ್ರಿಯೇ ಮಂಡಿ ನೋವು ಅಂದಳು. ನನ್ನ ಹೆಂಡತಿಗೆ ಭಾನುವಾರವೇ ಆಫೀಸ್ ಕೆಲಸ ಬಂತು. ಉಳಿದದ್ದು ಭಾವ, ನಾನು, ಆರನೇ ಕ್ಲಾಸಿನ ನನ್ನ ಮಗಳು.

ನನಗೆ ಮೊದಲಿನಿಂದಲೂ ಅಲುಗಾಡುವುದು ಆಗಿಬರುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಮೋಷನ್ ಸಿಕ್‌ನೆಸ್ ಅನ್ನೋ ದೊಡ್ಡ ಹೆಸರೆಲ್ಲ ಇರಲಿಲ್ಲ. "ಇವನಿಗೆ ಬಸ್ಸು ಆಗಲ್ಲ", ಅಷ್ಟೇ. ನೆಂಟರ ಮನೆಗೆ ಹೋದಾಗ ಹೆಸರಿಗಿಂತ ಮೊದಲು ಈ ಪರಿಚಯ ಆಗುತ್ತಿತ್ತು. ನಲವತ್ತನಾಲ್ಕು ವರ್ಷದಲ್ಲಿ ಸೀಟಿನ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದೇನೆ, ಶುಂಠಿ ಜಗಿದಿದ್ದೇನೆ, ಹುಣಸೆ ಮಿಠಾಯಿ ಚೀಪಿದ್ದೇನೆ, ಕಿತ್ತಳೆ ಸಿಪ್ಪೆ ಮೂಸಿದ್ದೇನೆ. ಪೇಪರ್ ಹಾಸಿದ್ದರಿಂದ ಪ್ಯಾಂಟಿಗೆ ಹಿಂದಿನ ದಿನದ ಹೆಡ್‌ಲೈನ್ ಹತ್ತಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅಂಥವನನ್ನು ಭಾವ ಬೆಳಗ್ಗೆ ಎಂಟಕ್ಕೆ ಬಿಡದಿಯಲ್ಲಿ ಇಳಿಸಿ ಮೂರು ತಟ್ಟೆ ಇಡ್ಲಿ ತಿನ್ನಿಸಿದರು. ಮೇಲೆ ಬೆಣ್ಣೆ. "ಒಳಗೆ ಊಟ ದುಬಾರಿ. ಹೊಟ್ಟೆ ಭರ್ತಿ ಮಾಡ್ಕೊಂಡೇ ಹೋಗೋಣ." ನಾನು ಜೇಬಿನಲ್ಲಿದ್ದ ವಾಂತಿ ಮಾತ್ರೆ ತೆಗೆದೆ. ಅದನ್ನು ಅಲುಗಾಟ ಶುರುವಾಗುವ ಮುಂಚೆಯೇ ತಗೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ದೇವರೇ ಗತಿ. ಭಾವ ಸ್ಟ್ರಿಪ್ ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. "ಬೇಕಾದ್ರೆ ಆಗ ಕೊಡ್ತೀನಿ. ಸುಮ್ನೆ ಯಾಕೆ ಮಾತ್ರೆ ದಂಡ?"

ಗೇಟಿನ ಒಳಗೆ ಕಾಲಿಡುವ ಮುಂಚೆ ಲೆಕ್ಕ ಮುಗಿದಿತ್ತು. "ಟಿಕೆಟ್ 1,400. ನಲವತ್ತು ರೈಡ್ ಹಿಡಿ. ರೈಡಿಗೆ 35 ರೂಪಾಯಿ. ಹತ್ತೇ ಹತ್ತಿದ್ರೆ 140. ಗೊತ್ತಾಯ್ತಾ?" ಗೊತ್ತಾಯಿತು. ನನ್ನ ಹೊಟ್ಟೆಗೂ ಗೊತ್ತಾಯಿತು.

ಮೊದಲು ಒಂದು ಕತ್ತಲೆ ಥಿಯೇಟರಿಗೆ ಕರಕೊಂಡು ಹೋದರು. "ಇದು ಸುಮ್ನೆ ಸಿನಿಮಾ ಕಣಯ್ಯಾ, ಏನೂ ಆಗಲ್ಲ." ಕುರ್ಚಿ ಅಲ್ಲಲ್ಲೇ ಸ್ವಲ್ಪ ಕುಲುಕಿತು, ಅಷ್ಟೇ. ಆದರೆ ಪರದೆಯ ಮೇಲೆ ನಾವು ಯಾವುದೋ ಗಣಿಯೊಳಗೆ ನೂರು ಮೈಲಿ ವೇಗದಲ್ಲಿ ಬೀಳುತ್ತಿದ್ದೆವು. ಎರಡನೇ ನಿಮಿಷಕ್ಕೆ ಮೊದಲನೇ ತಟ್ಟೆ ಇಡ್ಲಿ ಎದ್ದು ಕೂತಿತು.

ಇದರ ಕಾರಣ ನನಗೆ ಚೆನ್ನಾಗಿ ಗೊತ್ತು. ರೋಗಿಯಷ್ಟು ರೋಗದ ಬಗ್ಗೆ ಓದುವವರು ಯಾರಿದ್ದಾರೆ? ಕಿವಿಯ ಒಳಗೆ ಅರ್ಧ ಬಳೆಯಂಥ ಮೂರು ನಾಳಗಳಿವೆ, ಒಳಗೆ ದ್ರವ. ತಲೆ ತಿರುಗಿದರೆ ಆ ದ್ರವ ಅಲುಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ತಲೆ ನಿಂತ ಮೇಲೂ ಅದು ತಕ್ಷಣ ನಿಲ್ಲುವುದಿಲ್ಲ. ಬಾವಿಯಿಂದ ತಂದ ಕೊಡ ಕೆಳಗಿಟ್ಟ ಮೇಲೂ ನೀರು ಒಂದಷ್ಟು ಹೊತ್ತು ತುಳುಕುತ್ತದಲ್ಲ, ಹಾಗೆ. ಈಗ ಥಿಯೇಟರಿನಲ್ಲಿ ಕಣ್ಣು "ಅಯ್ಯೋ ಬೀಳ್ತಿದೀವಿ" ಅನ್ನುತ್ತದೆ. ಕಿವಿ "ಎಲ್ಲಿ ಬೀಳ್ತಿದೀವಿ, ಕೂತಲ್ಲೇ ಕೂತಿದೀವಿ" ಅನ್ನುತ್ತದೆ. ಬಸ್ಸಿನಲ್ಲಿ ಮೊಬೈಲ್ ನೋಡುತ್ತಿದ್ದರೆ ಇದೇ ಜಗಳ ಉಲ್ಟಾ. ಎರಡು ಸಾಕ್ಷಿ ಎರಡು ಥರ ಹೇಳಿದರೆ ಮಿದುಳು ಏನು ಮಾಡಬೇಕು? 1977ರಲ್ಲಿ ಟ್ರೈಸ್‌ಮನ್ ಅನ್ನೋ ಮನಃಶಾಸ್ತ್ರಜ್ಞ ಒಂದು ವಾದ ಮುಂದಿಟ್ಟ. ಕಣ್ಣು ಕಿವಿ ಹೀಗೆ ತಾಳ ತಪ್ಪಿದರೆ ಮಿದುಳು, ಒಳಗೆ ವಿಷ ಸೇರಿದೆ ಅಂದುಕೊಂಡು ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕಿಸುತ್ತದೆ ಅಂತ. ಜಗಳ ಕಣ್ಣು ಕಿವಿಯದ್ದು, ಶಿಕ್ಷೆ ತಟ್ಟೆ ಇಡ್ಲಿಗೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ. ಕಿವಿಯೊಳಗಿನ ಈ ವ್ಯವಸ್ಥೆ ಪೂರ್ತಿ ಕೆಟ್ಟುಹೋದವರಿಗೆ ಈ ಥರದ ವಾಂತಿ ಬರುವುದೇ ಇಲ್ಲ. ಥಿಯೇಟರಿನಿಂದ ಹೊರಬಂದು ಬೇಲ್‌ಪುರಿ ರೇಟು ವಿಚಾರಿಸುತ್ತಿದ್ದ ಭಾವನನ್ನು ನೋಡಿದಾಗ ನನಗೆ ಸಂಶಯ ಬಂತು. ಅಕ್ಕ ಅಡುಗೆಮನೆಯಿಂದ ಕರೆದಾಗ ಅವರಿಗೆ ಕೇಳಿಸದೇ ಇರುವುದೂ ನೆನಪಾಯಿತು.

"ಭಾವ, ನಾನಿಲ್ಲೇ ಕೂತಿರ್ತೀನಿ, ನೀವು ಹೋಗಿಬನ್ನಿ" ಅಂತ ಮರದ ಕೆಳಗಿನ ಕಟ್ಟೆ ತೋರಿಸಿದೆ. ಭಾವ ಗಡಿಯಾರ ನೋಡಿದರು. "ಏಳು ಗಂಟೆಗೆ 1,400. ಗಂಟೆಗೆ 200. ಕಟ್ಟೆ ಮೇಲೆ ಕೂರೋದಕ್ಕೆ 200 ರೂಪಾಯಿ ಕೊಡ್ತೀಯೇನಯ್ಯಾ?" ಡಾರ್ವಿನ್‌ನಂಥವನೇ ಬೀಗಲ್ ಹಡಗಿನಲ್ಲಿ ಸುಮಾರು ಐದು ವರ್ಷ ವಾಕರಿಸಿಕೊಂಡು ಒದ್ದಾಡಿದ ಅಂತ ಹೇಳಿನೋಡಿದೆ. ದೊಡ್ಡವರ ಹೆಸರು ಹೇಳಿದರೆ ಮರ್ಯಾದೆ ಸಿಗಬಹುದು ಅಂತ. ಭಾವ ಒಂದೇ ಮಾತು ಕೇಳಿದರು. "ಅವನು ಟಿಕೆಟ್ ತಗೊಂಡಿದ್ನಾ?" (ನಿಜ ಹೇಳಬೇಕೆಂದರೆ ಡಾರ್ವಿನ್ನನ ಖರ್ಚು ಕೊಟ್ಟದ್ದು ಅವನ ಅಪ್ಪ. ಇದನ್ನು ಹೇಳಿದ್ದರೆ ಭಾವ ದಿನಕ್ಕೆಷ್ಟು ಬಿತ್ತು ಅಂತ ತೆಗೆಯುತ್ತಿದ್ದರು. ಬಾಯಿ ಮುಚ್ಚಿಕೊಂಡೆ.)

ಕೊಲಂಬಸ್ ಹಡಗಿಗೆ ಮುಕ್ಕಾಲು ಗಂಟೆ ಕ್ಯೂ. ಕ್ಯೂ ಅನ್ನುವುದು ನನ್ನಂಥವರಿಗೆ ರೈಡಿನ ಟ್ರೇಲರ್. ಹತ್ತಿದವರು ನಗುತ್ತಾ ಹತ್ತುತ್ತಾರೆ, ಇಳಿಯುವವರಲ್ಲಿ ಐದರಲ್ಲೊಬ್ಬ ಕಂಬ ಹಿಡಿದುಕೊಂಡು ಇಳಿಯುತ್ತಾನೆ. ನನಗೆ ಕಾಣುವುದು ಆ ಐದನೆಯವನೇ. ಆದರೂ ಒಂದು ಪ್ಲಾನ್ ಇಟ್ಟುಕೊಂಡಿದ್ದೆ. ಇಂಥ ಹಡಗಿನಲ್ಲಿ ನಡುವಿನ ಸಾಲು ಕಮ್ಮಿ ತೂಗುತ್ತದೆ, ತುದಿಗಳೇ ಜಾಸ್ತಿ ಮೇಲೇರುವುದು. ನಡುವೆ ಕೂತು, ತಲೆ ಸೀಟಿಗೆ ಒತ್ತಿ, ದೂರದ ಗುಡ್ಡದ ಮೇಲೆ ಕಣ್ಣು ನೆಟ್ಟರೆ ಕಣ್ಣಿಗೂ ಕಿವಿಗೂ ಸ್ವಲ್ಪ ರಾಜಿಯಾಗುತ್ತದೆ. ಗೇಟು ತೆಗೆದ ಕೂಡಲೇ ನಡುವಿನ ಸೀಟಿಗೆ ಓಡಿದೆ. ಕೂತೂ ಬಿಟ್ಟೆ.

"ಏಯ್, ಅಲ್ಯಾಕೆ ಕೂತೆ? ತುದಿಗೂ ಅದೇ ದುಡ್ಡು, ನಡುವಿಗೂ ಅದೇ ದುಡ್ಡು. ಬಾ ಈ ಕಡೆ!" ಇಡೀ ಹಡಗು ನನ್ನ ಕಡೆ ತಿರುಗಿತು. ಮಗಳು ಆಗಲೇ ತುದಿಯಲ್ಲಿ ಕೂತು ಕೈಬೀಸುತ್ತಿದ್ದಳು. ಎದ್ದು ಹೋದೆ.

ಮೊದಲ ನಾಲ್ಕು ತೂಗು ಪರವಾಗಿಲ್ಲ. ಐದನೆಯದರಲ್ಲಿ ಹಡಗು ಮೇಲೆ ಹೋಗಿ ಒಂದು ಕ್ಷಣ ನಿಂತಿತು. ಅಲ್ಲಿಂದ ಕೆಳಗೆ ಬರುವಾಗ ನಾನು ಬಂದೆ, ಹೊಟ್ಟೆ ಬರಲಿಲ್ಲ. ಹೊಟ್ಟೆ ಮೇಲೆ ಬರುವ ಹೊತ್ತಿಗೆ ನಾನು ಕೆಳಗಿದ್ದೆ. ದೂರದ ಗುಡ್ಡ ನೋಡೋಣವೆಂದರೆ ಗುಡ್ಡವೂ ಮೇಲೆ ಕೆಳಗೆ ಹೋಗುತ್ತಿತ್ತು. ಕೆಳಗೆ ಸ್ವಿಚ್ಚಿನ ಹತ್ತಿರ ನಿಂತ ಹುಡುಗ ಮೈಕಿನಲ್ಲಿ, "ಕೂಗ್ರೀ! ಇನ್ನೂ ಜೋರಾಗಿ ಕೂಗ್ರೀ!" ಅನ್ನುತ್ತಿದ್ದ. ನನಗೆ ಬಾಯಿ ತೆಗೆಯಲು ಭಯ. ಬಾಯಿ ತೆಗೆದರೆ ಮಾತೇ ಬರುತ್ತದೆ ಅನ್ನುವ ಗ್ಯಾರಂಟಿ ಇರಲಿಲ್ಲ. ಆದ್ದರಿಂದ ಒಂದು ಕೈ ಎತ್ತಿದೆ, ನಿಲ್ಲಿಸು ಅಂತ.

ಎದುರಿಗಿದ್ದ ಕಾಲೇಜು ಹುಡುಗರು ಅದನ್ನು ನೋಡಿ "ಅಂಕಲ್ ಸೂಪರ್!" ಅಂತ ತಾವೂ ಕೈ ಎತ್ತಿದರು. ಗಾಬರಿಯಾಗಿ ನಾನು ಎರಡನೇ ಕೈಯನ್ನೂ ಎತ್ತಿದೆ. ಇಡೀ ಹಡಗು ಎರಡು ಕೈ ಎತ್ತಿ "ಹೋ" ಅಂತು. ಎರಡೂ ಕೈ ಬಡಿದಾಡಿಸಿದೆ. ಅವರೂ ಬಡಿದಾಡಿಸಿದರು. ಮೈಕಿನ ಹುಡುಗನಿಗೆ ಹುರುಪು ಬಂತು. "ಹಿಂದಿನ ಸೀಟ್ ಅಂಕಲ್‌ಗೋಸ್ಕರ, ಇನ್ನೊಂದು ರೌಂಡ್!" ಅಂತ ಕೂಗಿದ. ಆಗ ನಾನು ಬಾಯಿ ತೆಗೆದು "ಬೇಡಾ" ಅಂದೆ. ಕ್ಯಾಮೆರಾ ಕ್ಲಿಕ್ ಅಂದದ್ದು ಆ "ಡಾ" ಹೊತ್ತಿಗೆ.

ಭಾವ ಬೆನ್ನು ತಟ್ಟಿದರು. "ನೋಡಿದ್ಯಾ, ಅದೇ ದುಡ್ಡಿಗೆ ಎರಡು ರೌಂಡ್. ಹದಿನೇಳೂವರೆ ಬಿತ್ತು."

ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಕಾಲಿಗೇ ಗೊತ್ತಿತ್ತು. ದಾರಿ ಪಕ್ಕದಲ್ಲಿ ಪೆಂಗ್ವಿನ್ ಆಕಾರದ ಕಸದ ಬುಟ್ಟಿ, ಬಾಯಿ ತೆರೆದು ಕಾಯುತ್ತಿತ್ತು. ನಾನೂ ಬಾಯಿ ತೆರೆದೆ. ಪೆಂಗ್ವಿನ್ನಿನ ಎರಡೂ ರೆಕ್ಕೆ ಹಿಡಿದು, ಹಣೆಗೆ ಹಣೆ ಕೊಟ್ಟು, ಮೂರೂ ತಟ್ಟೆ ಇಡ್ಲಿ ಒಪ್ಪಿಸಿದೆ. ಹಿಂದೆ ಯಾವುದೋ ಮಗು, "ಅಮ್ಮಾ, ಆ ಅಂಕಲ್ ಪೆಂಗ್ವಿನ್‌ಗೆ ಊಟ ಹಾಕ್ತಿದಾರೆ" ಅಂತು.

1985ರಲ್ಲಿ ಜೇಕ್ ಗಾರ್ನ್ ಅಂತ ಅಮೆರಿಕದ ಸೆನೆಟರ್ ಒಬ್ಬ ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಎಷ್ಟು ಒದ್ದಾಡಿದ ಅಂದರೆ, ಗಗನಯಾತ್ರಿಗಳು ತಮಾಷೆಗೆ ವಾಕರಿಕೆಯ ಅಳತೆಗೆ ಅವನ ಹೆಸರನ್ನೇ ಇಟ್ಟರು. ಒಂದು ಗಾರ್ನ್ ಅಂದರೆ ಅದಕ್ಕಿಂತ ಮೇಲಿಲ್ಲ. ಸಾಮಾನ್ಯರು ಅದರ ಹತ್ತರಲ್ಲೊಂದು ಪಾಲು ಮುಟ್ಟಿದರೆ ಹೆಚ್ಚಂತೆ. ಪೆಂಗ್ವಿನ್ ತಬ್ಬಿಕೊಂಡು ನಿಂತ ನಾನು ಆ ಸೆನೆಟರನ್ನು ಅಣ್ಣಾ ಅಂತ ನೆನೆದೆ.

ಆಗ ಯಾರೋ ಹಿಂದಿನಿಂದ ಬಂದು ನನ್ನ ಹಣೆ ಒತ್ತಿ ಹಿಡಿದರು. ಪುಟ್ಟ ಕೈ, ತಣ್ಣಗಿತ್ತು.

ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ತೀರ್ಥಹಳ್ಳಿಯಿಂದ ಉಡುಪಿ ಕಡೆಯ ಅಜ್ಜಿ ಮನೆಗೆ ಹೋಗುತ್ತಿದ್ದೆವು. ಆಗುಂಬೆ ಘಾಟಿ, 14 ತಿರುವು, ಮಿನಿ ಬಸ್ಸು. ಅಮ್ಮನ ಸೆರಗಿನ ತುದಿಯಲ್ಲಿ ಒಂದು ನಿಂಬೆಹಣ್ಣು ಕಟ್ಟಿರುತ್ತಿತ್ತು. ನಾನು ಏಳನೇ ತಿರುವಿನವರೆಗೆ ಅದನ್ನು ಉಗುರಿನಿಂದ ಕೆರೆದು ಮೂಸುತ್ತಾ ತಡೆದುಕೊಳ್ಳುತ್ತಿದ್ದೆ. ಆಮೇಲೆ ಆಗುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಅಮ್ಮ ಹಿಂದಿನಿಂದ ಹಣೆ ಒತ್ತಿ ಹಿಡಿಯುತ್ತಿದ್ದಳು. ಬೈಯುತ್ತಿರಲಿಲ್ಲ. ಕೆಳಗೆ ಸೋಮೇಶ್ವರ ಬರುವವರೆಗೆ ಆ ಕೈ ತೆಗೆಯುತ್ತಲೂ ಇರಲಿಲ್ಲ. ಹಣೆ ಹಿಡಿದರೆ ಏನು ಗುಣ ಅಂತ ನಾನು ಯಾವತ್ತೂ ಕೇಳಲಿಲ್ಲ. ಅವಳು ಹೋಗಿ ಎಂಟು ವರ್ಷವಾಯಿತು. ಮಗಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಆಯ್ತಾ ಅಪ್ಪ?"

"ಆಯ್ತು ಪುಟ್ಟಿ."

"ಹಾಗಾದ್ರೆ ನಾನೂ ಮಾವನೂ ಇನ್ನೊಂದ್ಸಲ ಹೋಗ್ಲಾ? ಕ್ಯೂ ಈಗ ಚಿಕ್ಕದಿದೆ."

ಭಾವ ಆಗ ಮಾತ್ರೆ ಕೊಟ್ಟರು. ಹೊಟ್ಟೆಯಲ್ಲಿ ಇನ್ನು ಹೋಗಲು ಏನೂ ಉಳಿದಿಲ್ಲದಿದ್ದಾಗ. ಅದು ಮಾಡಿದ ಒಂದೇ ಕೆಲಸವೆಂದರೆ ನಿದ್ದೆ ಬರಿಸಿದ್ದು. ಅದೇ ಮರದ ಕೆಳಗಿನ ಕಟ್ಟೆ ಮೇಲೆ ಎರಡು ಗಂಟೆ ಬಾಯಿ ಬಿಟ್ಟು ಮಲಗಿದ್ದೆನಂತೆ. ಎದ್ದಾಗ ಭಾವ ಪಕ್ಕದಲ್ಲೇ ನಿಂತಿದ್ದರು. "400 ರೂಪಾಯಿ ನಿದ್ದೆ" ಅಂದರು, ಬೇಜಾರಿನಲ್ಲಿ.

ಹೊರಡುವಾಗ ಫೋಟೋ ಕೌಂಟರಿನಲ್ಲಿ ನನ್ನ ಮುಖ ದೊಡ್ಡ ಟಿವಿಯಲ್ಲಿತ್ತು. ಪ್ರಿಂಟ್ 200. ಭಾವ ತಗೊಳ್ಳುವುದಿಲ್ಲ ಅಂತ ಧೈರ್ಯವಾಗಿದ್ದೆ. ಅವರು ಮುಖ ಎಣಿಸಿದರು. ನಾವು ಮೂವರು, ಮುಂದಿನ ಸಾಲಿನ ಅಪರಿಚಿತರು ಇಬ್ಬರು. "ತಲೆಗೆ 40. ಪರವಾಗಿಲ್ಲ, ಕೊಡಿ."

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳೋಣ ಅಂತಲೇ ಮತ್ತೆ ಫೋನ್ ಮಾಡಿದ್ದೆ. ಅವರು ನನಗೆ ಮಾತಾಡಲು ಬಿಡಲಿಲ್ಲ. ಫೋಟೋ ಪ್ರಿಂಟ್ ಹಾಕಿಸಿ ಶೋಕೇಸಿನಲ್ಲಿ ಇಡುತ್ತಾರಂತೆ. "ನಿಮ್ಮಮ್ಮ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ಲೋ" ಅಂದರು. ಅಮ್ಮನಾಗಿದ್ದರೆ ಆ ಮುಖ ನೋಡಿದ ಕೂಡಲೇ ನಿಂಬೆಹಣ್ಣು ಹುಡುಕುತ್ತಿದ್ದಳು. ಹೇಳಲಿಲ್ಲ.

ಈಗ ತಾನೇ ಭಾವನ ಮೆಸೇಜ್ ಬಂತು. ಮುಂದಿನ ತಿಂಗಳು ಮುಳ್ಳಯ್ಯನಗಿರಿಗೆ ಟೆಂಪೋ ಟ್ರಾವೆಲರ್ ಬುಕ್ ಮಾಡಿದ್ದಾರೆ. ಹನ್ನೊಂದು ಜನ ಆಗಿದ್ದಾರೆ, ಹನ್ನೆರಡನೆಯವನು ಬಂದರೆ ತಲೆಗೆ ಕಮ್ಮಿ ಬೀಳುತ್ತದೆ. ಖಾಲಿ ಇರುವುದು ಕಟ್ಟಕಡೆಯ ಸೀಟು. ನಾನು "ಸರಿ ಭಾವ" ಅಂತ ಹಾಕಿ ತರಕಾರಿ ತರಲು ಹೊರಟೆ. ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದೆ. ನಿಂಬೆಹಣ್ಣು 20ಕ್ಕೆ ನಾಲ್ಕು. ತಿರುವಿಗೆ ಎಷ್ಟು ಬೀಳುತ್ತದೋ ಭಾವನನ್ನೇ ಕೇಳಬೇಕು.