ನೂರು ವರ್ಷದಿಂದ ಲೀಗ್ ಗೆಲ್ಲದ ಜೆನೋವಾ ನನಗೇಕೆ ದೊಡ್ಡ ಕ್ಲಬ್

ಜೆನೋವಾ ಎಂಬ ಬಂದರು ಊರಿನ ಅದೇ ಹೆಸರಿನ ಫುಟ್‌ಬಾಲ್ ಕ್ಲಬ್ ಇಟಲಿಯ ಲೀಗ್ ಕೊನೆಯ ಸಲ ಗೆದ್ದದ್ದು 1924ರಲ್ಲಿ. ದೊಡ್ಡದು ಅನ್ನಬಹುದಾದ ಟ್ರೋಫಿ ಕೊನೆಗೆ ಕೈಗೆ ಬಂದದ್ದು 1937ರಲ್ಲಿ, ಕೊಪ್ಪಾ ಇಟಾಲಿಯಾ ಎಂಬ ನಾಕೌಟ್ ಕಪ್. ಇಷ್ಟು ಹೇಳಿದರೆ ಸಾಕು, ಫುಟ್‌ಬಾಲ್ ಬಲ್ಲ ಗೆಳೆಯರು "ಅದು ಮ್ಯೂಸಿಯಂ ಮಾರಾಯ, ಕ್ಲಬ್ಬಲ್ಲ" ಅಂದುಬಿಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಪ್ಪು ಎಣಿಸಿ ಕ್ಲಬ್ಬಿನ ತೂಕ ಹೇಳುವುದಾದರೆ ಇಟಲಿಯಲ್ಲಿ ಮೂರು ಕ್ಲಬ್ ಸಾಕು, ಉಳಿದವರೆಲ್ಲ ಬಾಗಿಲು ಹಾಕಿಕೊಳ್ಳಬಹುದು. ಹಾಗಾಗದೇ ಇರುವುದಕ್ಕೆ ಕಾರಣ ಬೇರೆ ಇದೆ, ಆ ಕಾರಣ ಜೆನೋವಾದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನನಗೆ ಇನ್ನೆಲ್ಲೂ ಕಂಡಿಲ್ಲ.

1893ರ ಸೆಪ್ಟೆಂಬರ್ 7ರಂದು ಜೆನೋವಾದ ಬ್ರಿಟಿಷ್ ಕಾನ್ಸುಲೇಟಿನಲ್ಲಿ ಸೇರಿದ ಕೆಲವು ಇಂಗ್ಲಿಷರು ಕಟ್ಟಿಕೊಂಡ ಕ್ಲಬ್ ಇದು. ಹೆಸರಿನಲ್ಲಿ ಮೊದಲು ಇದ್ದದ್ದು ಕ್ರಿಕೆಟ್ ಮತ್ತು ಅಥ್ಲೆಟಿಕ್ಸ್. ಸ್ಥಳೀಯರಿಗೆ ಪ್ರವೇಶವಿರಲಿಲ್ಲ. ಬಂದರು ಊರಲ್ಲಿ ಹಡಗು, ಕಲ್ಲಿದ್ದಲು, ವ್ಯಾಪಾರ ಅಂತ ನೆಲೆಸಿದ್ದವರ ಸಂಜೆಯ ಕಾಲಕ್ಷೇಪ, ಅಷ್ಟೆ. ಅದನ್ನು ಬದಲಿಸಿದವನು ಜೇಮ್ಸ್ ಸ್ಪೆನ್ಸ್‌ಲಿ ಎಂಬ ಡಾಕ್ಟರ್. ಕಲ್ಲಿದ್ದಲು ಹಡಗುಗಳ ಇಂಗ್ಲಿಷ್ ನಾವಿಕರಿಗೆ ಔಷಧಿ ಕೊಡಲು ಬಂದವನು ಫುಟ್‌ಬಾಲಿಗೆ ಜಾಗ ಮಾಡಿಸಿದ, 1897ರಲ್ಲಿ ಇಟಾಲಿಯನ್ನರಿಗೂ ಸದಸ್ಯತ್ವ ಸಿಗುವಂತೆ ಮಾಡಿದ. ಮರುವರ್ಷದ ಮೇ 8ರಂದು ಟ್ಯೂರಿನ್‌ನಲ್ಲಿ ಇಟಲಿಯ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ನಾಲ್ಕೇ ತಂಡ, ಒಂದೇ ದಿನ. ಇಂಗ್ಲಿಷರೂ ಇಟಾಲಿಯನ್ನರೂ ಬೆರೆತಿದ್ದ ಜೆನೋವಾ ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ರಿಂದ ಗೆದ್ದಿತು. 1904ರ ಹೊತ್ತಿಗೆ ಆರು ಸ್ಕುದೆತ್ತೊ, ಅಂದರೆ ಲೀಗ್ ಪ್ರಶಸ್ತಿ, ಆಗಿದ್ದವು. ಸ್ಪೆನ್ಸ್‌ಲಿ ಮೊದಲ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡು, 1915ರಲ್ಲಿ ಜರ್ಮನಿಯಲ್ಲಿ ತೀರಿಕೊಂಡ. ಅದೇ ವರ್ಷ ಅದೇ ಯುದ್ಧದಲ್ಲಿ ಸತ್ತ ಮತ್ತೊಬ್ಬ ಲುಯಿಜಿ ಫೆರಾರಿಸ್, ತಂಡದ ಹಳೆಯ ಕ್ಯಾಪ್ಟನ್, ವೃತ್ತಿಯಲ್ಲಿ ಇಂಜಿನಿಯರ್. ಊರಿನ ಮರಾಸ್ಸಿ ಬಡಾವಣೆಯ ಸ್ಟೇಡಿಯಂಗೆ 1933ರಲ್ಲಿ ಅವನ ಹೆಸರಿಟ್ಟಾಗ ಅವನ ಶೌರ್ಯ ಪದಕವನ್ನು ಅದೇ ಮೈದಾನದ ನೆಲದಲ್ಲಿ ಹೂತರು.

ಇಟಲಿಯಲ್ಲಿ ಇವತ್ತಿಗೂ ಕೋಚ್‌ನನ್ನು ಆಟಗಾರರು "ಮಿಸ್ಟರ್" ಅಂತಲೇ ಕರೆಯುತ್ತಾರೆ. ಆ ರೂಢಿ ಶುರುವಾದದ್ದೂ ಇಲ್ಲೇ. 1912ರಲ್ಲಿ ಬಂದ ವಿಲಿಯಂ ಗಾರ್ಬಟ್‌ನಿಂದ. ಅವನಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ, ಗಾಯದಿಂದ ಆಟ ಬಿಟ್ಟಿದ್ದ. ಅವನ ಕೈಕೆಳಗೆ ಜೆನೋವಾ 1915, 1923, 1924ರ ಲೀಗ್ ಗೆದ್ದಿತು. ಎರಡನೇ ಮಹಾಯುದ್ಧದಲ್ಲಿ ಮುಸೊಲಿನಿಯ ಸರ್ಕಾರಕ್ಕೆ ಅವನು ಶತ್ರು ದೇಶದ ಪ್ರಜೆಯಾದ, ಜೆನೋವಾದಿಂದ ಹೊರಹಾಕಿದರು. ಹೆಂಡತಿ ಬಾಂಬ್ ದಾಳಿಯಲ್ಲಿ ಸತ್ತಳು. ಯುದ್ಧ ಮುಗಿದ ಮೇಲೆ ಆ ಮನುಷ್ಯ ಇಂಗ್ಲೆಂಡಿಗೆ ಓಡಿಹೋಗದೆ ಮತ್ತೆ ಜೆನೋವಾದ ಬೆಂಚಿಗೆ ಬಂದು ಕೂತ. ಇಂಥ ನಿಷ್ಠೆಯನ್ನು ಯಾವ ಕಪ್ಪಿನ ಕಪಾಟಿನಲ್ಲಿ ಇಡುತ್ತೀರಿ?

ಇನ್ನು 1925. ಜೆನೋವಾ ಅಭಿಮಾನಿಗಳ ಎದೆಯಲ್ಲಿ ಇನ್ನೂ ಆರದ ವಿಷಯ ಇದು.

ಉತ್ತರ ಇಟಲಿಯ ಫೈನಲ್, ಎದುರಾಳಿ ಬೊಲೊನ್ಯಾ. ಆ ಕಾಲಕ್ಕೆ ಇದನ್ನು ಗೆದ್ದವರೇ ಹೆಚ್ಚುಕಡಿಮೆ ಚಾಂಪಿಯನ್ನರು. ಎರಡು ಪಂದ್ಯದಲ್ಲಿ ಇತ್ಯರ್ಥವಾಗದೆ ಜೂನ್ 7ರಂದು ಮಿಲಾನಿನಲ್ಲಿ ಮೂರನೆಯದು. ಜೆನೋವಾ 2-0 ಮುಂದಿತ್ತು. ಬೊಲೊನ್ಯಾದ ಒಂದು ಶಾಟ್ ಗೋಲ್‌ಕೀಪರ್ ಜೊವಾನ್ನಿ ದೆ ಪ್ರಾ ಕೈಗೆ ತಾಗಿ ಹೊರಗೆ ಹೋಯಿತೆಂದು ರೆಫರಿ ಮೌರೊ ಕಾರ್ನರ್ ಕೊಟ್ಟ. ಅಷ್ಟರಲ್ಲಿ ಬೊಲೊನ್ಯಾ ಕಡೆಯ ಜನ ಮೈದಾನಕ್ಕೆ ನುಗ್ಗಿದರು, ಅವರಲ್ಲಿ ಕಪ್ಪಂಗಿಯ ಫ್ಯಾಸಿಸ್ಟರೂ ಇದ್ದರು. ಗುಂಪು ರೆಫರಿಯನ್ನು ಸುತ್ತುವರಿಯಿತು. ಆಟ ಮತ್ತೆ ಶುರುವಾದಾಗ ಕಾರ್ನರ್ ಹೋಗಿ ಗೋಲ್ ಆಗಿತ್ತು! ಆಮೇಲೆ ಇನ್ನೊಂದು ಗೋಲ್ ಬಂದು ಪಂದ್ಯ 2-2. ಜೆನೋವಾ ಮುಂದೆ ಆಡಲು ಒಪ್ಪಲಿಲ್ಲ. ಗೆಲುವು ತಮ್ಮದೆಂದು ಘೋಷಿಸಲಿ ಎಂದು ಕಾದರು, ಫೆಡರೇಷನ್ ಇನ್ನೊಂದು ಪಂದ್ಯ ಆಡಿ ಅಂದಿತು. ಜುಲೈನಲ್ಲಿ ಟ್ಯೂರಿನ್‌ನಲ್ಲಿ 1-1. ಆ ಸಂಜೆ ಪೋರ್ತಾ ನುವೊವಾ ರೈಲು ನಿಲ್ದಾಣದಲ್ಲಿ ಬೊಲೊನ್ಯಾದವರ ರೈಲಿನಿಂದ ಪಿಸ್ತೂಲು ಹಾರಿತು, ಜೆನೋವಾ ಅಭಿಮಾನಿಗಳು ಗಾಯಗೊಂಡರು. ಕೊನೆಗೆ ಆಗಸ್ಟ್ 9ರಂದು ಮಿಲಾನಿನಲ್ಲಿ, ಪ್ರೇಕ್ಷಕರೇ ಇಲ್ಲದೆ, ಬೆಳಗ್ಗೆ ಏಳು ಗಂಟೆಗೆ ಐದನೇ ಪಂದ್ಯ ಆಡಿಸಿದರು. ಬೊಲೊನ್ಯಾ 2-0ರಿಂದ ಗೆದ್ದಿತು. ಬೊಲೊನ್ಯಾದ ಫ್ಯಾಸಿಸ್ಟ್ ನಾಯಕ ಲೆಯಾಂದ್ರೊ ಅರ್ಪಿನಾತಿ ಮರುವರ್ಷವೇ ಇಟಲಿಯ ಫುಟ್‌ಬಾಲ್ ಫೆಡರೇಷನ್ ಅಧ್ಯಕ್ಷನಾದ.

ಹತ್ತು ಲೀಗ್ ಗೆದ್ದ ಕ್ಲಬ್ಬಿಗೆ ಅಂಗಿಯ ಮೇಲೆ ಚಿನ್ನದ ನಕ್ಷತ್ರ ಹಾಕುವ ಪದ್ಧತಿ ಶುರುವಾದದ್ದು 1958ರಲ್ಲಿ, ಯುವೆಂಟಸ್‌ನಿಂದ. ಜೆನೋವಾ ಒಂಬತ್ತರಲ್ಲೇ ನಿಂತಿದೆ. ಹಾಗಾಗಿ 1925ರದ್ದನ್ನೂ ಕೊಡಿ, ಕನಿಷ್ಠ ಹಂಚಿಕೊಡಿ ಎಂಬ ಕೂಗು ಊರಲ್ಲಿ ಇದ್ದೇ ಇದೆ. ನನ್ನ ನಿಲುವು ಸ್ವಲ್ಪ ಬೇರೆ. ನಕ್ಷತ್ರ ಕೇಳುವವರು 1915ನ್ನೂ ಮರೆಯಬಾರದು. ಇಟಲಿ ಯುದ್ಧಕ್ಕಿಳಿದಾಗ ಇನ್ನೊಂದು ಸುತ್ತು ಬಾಕಿಯಿರುವಂತೆಯೇ ಲೀಗ್ ನಿಂತಿತು, ಮುಂದಿದ್ದ ಜೆನೋವಾಗೆ ಪ್ರಶಸ್ತಿ ಕೊಟ್ಟದ್ದು ಯುದ್ಧ ಮುಗಿದ ಮೇಲೆ. ರೋಮ್‌ನ ಲಾಟ್ಸಿಯೊ ಅದರಲ್ಲಿ ಪಾಲು ಕೇಳುತ್ತಲೇ ಇದೆ. ಒಂದು ಕಡತ ತೆರೆದರೆ ಇನ್ನೊಂದನ್ನೂ ತೆರೆಯಬೇಕಾಗುತ್ತದೆ. ನಕ್ಷತ್ರ ಕೊಡದಿದ್ದರೂ ಸರಿ, ಆ ಜೂನ್ ಏಳರಂದು ಬೆದರಿಕೆಗೆ ಮಣಿದು ತೀರ್ಪು ಬದಲಾಯಿತು ಎಂಬುದನ್ನು ಫೆಡರೇಷನ್ ತನ್ನ ದಾಖಲೆಯಲ್ಲಿ ಬರೆದರೆ ನನಗೆ ಸಮಾಧಾನ.

ಫ್ಯಾಸಿಸ್ಟ್ ಆಡಳಿತ ಅಲ್ಲಿಗೂ ಬಿಡಲಿಲ್ಲ. ಇಂಗ್ಲಿಷ್ ವಾಸನೆಯ "Genoa" ಎಂಬ ಹೆಸರು ಬೇಡವೆಂದು 1928ರಲ್ಲಿ ಇಟಾಲಿಯನ್ ರೂಪದ "Genova 1893" ಇಡಿಸಿತು. ಯುದ್ಧ ಮುಗಿದ 1945ರಲ್ಲಿ ಕ್ಲಬ್ ತನ್ನ ಹಳೆಯ ಹೆಸರನ್ನೇ ವಾಪಸ್ ತಂದಿತು. ಹೊರಗಿನವರು ಕಟ್ಟಿದ್ದು ಎಂದು ಆಗ ಯಾರೂ ಅದನ್ನು ದೂರ ಇಡಲಿಲ್ಲ, ಅಷ್ಟರಲ್ಲಿ ಅದು ಪೂರ್ತಿ ಆ ಊರಿನದಾಗಿತ್ತು. ಆ ಊರಿನ ವಲಸಿಗರ ಮಕ್ಕಳು ಬ್ಯೂನಸ್ ಐರಿಸ್‌ನಲ್ಲಿ ಬೊಕಾ ಜೂನಿಯರ್ಸ್ ಕಟ್ಟಿದ್ದು ಇನ್ನೊಂದು ದೊಡ್ಡ ಕಥೆ, ಅದನ್ನು ಮತ್ತೊಮ್ಮೆ ಬರೆಯುತ್ತೇನೆ.

ಯುದ್ಧದ ನಂತರದ ನಾಲ್ಕು ದಶಕ ಬೇಗ ಹೇಳಿ ಮುಗಿಸಬಹುದು: ಇಳಿಯುವುದು, ಏರುವುದು, ಮತ್ತೆ ಇಳಿಯುವುದು, 1970ರಲ್ಲಂತೂ ಮೂರನೇ ದರ್ಜೆಯಾದ ಸೀರಿ ಸಿ ತನಕ. 1946ರಲ್ಲಿ ಎರಡು ಕ್ಲಬ್ ಸೇರಿ ಹುಟ್ಟಿದ ಸಂಪ್ದೋರಿಯಾ ಅದೇ ಸ್ಟೇಡಿಯಂನಲ್ಲಿ ಆಡುತ್ತ ಮುಂದೆ ಹೋಯಿತು. 1990-91ರಲ್ಲಿ ಸಂಪ್ದೋರಿಯಾ ಲೀಗ್ ಗೆದ್ದಿತು. ಆದರೆ ಆ ವರ್ಷದ ನವೆಂಬರ್ ಡರ್ಬಿಯನ್ನು, ಅಂದರೆ ಒಂದೇ ಊರಿನ ಈ ಎರಡು ತಂಡಗಳ ಪಂದ್ಯವನ್ನು, ಬ್ರೆಜಿಲ್‌ನ ಬ್ರಾಂಕೊನ ಫ್ರೀಕಿಕ್‌ನಿಂದ 2-1ಕ್ಕೆ ಗೆದ್ದದ್ದು ಜೆನೋವಾ, ಲೀಗಿನಲ್ಲಿ ನಾಲ್ಕನೇ ಸ್ಥಾನಕ್ಕೂ ಬಂತು. ಮರುವರ್ಷ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ಪಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಸಿಕ್ಕಿತು. ಮರಾಸ್ಸಿಯಲ್ಲಿ 2-0, ಬ್ರಾಂಕೊ ದೂರದಿಂದ ಹೊಡೆದದ್ದು ಇವತ್ತಿಗೂ ನೋಡುವಂಥದ್ದು. ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಉರುಗ್ವೆಯ ಅಗಿಲೇರಾ ಎರಡು ಹೊಡೆದ, 2-1. ಅಲ್ಲಿ ಗೆದ್ದ ಮೊದಲ ಇಟಾಲಿಯನ್ ತಂಡ ಜೆನೋವಾ. ಮಿಲಾನ್ ಅಲ್ಲ, ಯುವೆಂಟಸ್ ಅಲ್ಲ.

ಆ ತಂಡದ ಕ್ಯಾಪ್ಟನ್ ಜಾನ್‌ಲೂಕಾ ಸಿನ್ಯೊರಿನಿ, ಆರನೇ ನಂಬರಿನ ಡಿಫೆಂಡರ್. ಆಟ ಬಿಟ್ಟ ಮೇಲೆ ಎಎಲ್‌ಎಸ್ ಬಂತು, ನರಗಳು ಒಂದೊಂದೇ ಕೈಕೊಡುವ ಕಾಯಿಲೆ. 2001ರ ಮೇ 24ರಂದು ವೀಲ್‌ಚೇರಿನಲ್ಲಿ ಅವನನ್ನು ಮರಾಸ್ಸಿಯ ಹುಲ್ಲಿನ ಮೇಲೆ ಕರೆತಂದರು. ಸ್ಟೇಡಿಯಂ ತುಂಬಿತ್ತು. ಮುಂದಿನ ವರ್ಷ, 42ನೇ ವಯಸ್ಸಿಗೆ, ಹೋದ. ಆರನೇ ನಂಬರ್ ಅಂಗಿಯನ್ನು ಜೆನೋವಾ ಇನ್ನು ಯಾರಿಗೂ ಕೊಡುವುದಿಲ್ಲ.

ಅಭಿಮಾನವೆಂದರೆ ಬರೀ ಚಂದದ್ದಲ್ಲ, ಅದನ್ನೂ ಹೇಳಬೇಕು. 2012ರ ಏಪ್ರಿಲ್ 22ರಂದು ಸಿಯೆನಾ ವಿರುದ್ಧ ಮನೆಯಂಗಳದಲ್ಲೇ 0-4. ಉಗ್ರ ಅಭಿಮಾನಿಗಳು ಪಂದ್ಯ ನಿಲ್ಲಿಸಿ, ನೀವು ಈ ಅಂಗಿಗೆ ಯೋಗ್ಯರಲ್ಲ, ಬಿಚ್ಚಿ ಕೊಡಿ ಅಂದರು. ಕ್ಯಾಪ್ಟನ್ ಮಾರ್ಕೊ ರೊಸ್ಸಿ ಒಬ್ಬೊಬ್ಬರ ಅಂಗಿಯನ್ನೂ ಕೈಯಲ್ಲಿ ಒಟ್ಟು ಮಾಡುತ್ತಿದ್ದ ದೃಶ್ಯ ನೋಡಿ ನನಗೆ ನಾಚಿಕೆಯಾಯಿತು. ಸ್ಕುಲ್ಲಿ ಎಂಬ ಆಟಗಾರ ಮಾತ್ರ ಬಿಚ್ಚಲಿಲ್ಲ, ನೇರ ಹೋಗಿ ಅವರ ಜತೆ ಮಾತಾಡಿದ. ಅಂಗಿಯ ಗೌರವ ಅಂತ ಅವರು ಕೂಗಿದರು, ಆದರೆ ಅಂದು ಅದನ್ನು ಕಳೆದವರು ಅವರೇ. ಕಳಂಕ ಕಚೇರಿಯ ಕಡೆಯಿಂದಲೂ ಬಂದಿದೆ: 2005ರಲ್ಲಿ ಮೊದಲ ದರ್ಜೆಯಾದ ಸೀರಿ ಎಗೆ ಏರಿದ ಖುಷಿ ಮುಗಿಯುವ ಮುಂಚೆ ಮ್ಯಾಚ್ ಫಿಕ್ಸಿಂಗ್ ತೀರ್ಪು ಬಂದು ತಂಡ ನೇರ ಮೂರನೇ ದರ್ಜೆಗೆ ಬಿತ್ತು. ಆಗಲೂ ಗ್ರಾದಿನಾತಾ ನೋರ್ದ್, ಅಂದರೆ ಉತ್ತರದ ಸ್ಟ್ಯಾಂಡಿನ ಜನ, ಬಿಟ್ಟುಹೋಗಲಿಲ್ಲ. ಎರಡೇ ವರ್ಷದಲ್ಲಿ ತಂಡ ಸೀರಿ ಎಗೆ ವಾಪಸ್ ಬಂತು.

ಈಚೆಗೆ ಅಮೆರಿಕದ 777 ಪಾರ್ಟ್ನರ್ಸ್ 2021ರಲ್ಲಿ ಕ್ಲಬ್ ಕೊಂಡಿತು, ಆಮೇಲೆ ಆ ಕಂಪನಿಯೇ ಸಾಲದಲ್ಲಿ ಮುಳುಗಿತು, 2024ರ ಕೊನೆಗೆ ಆಡಳಿತ ರುಮೇನಿಯಾದ ಉದ್ಯಮಿ ದಾನ್ ಶುಕು ಕೈಗೆ ಹೋಯಿತು. ವಿದೇಶಿಯರು ಅಂತ ನನಗೆ ತಕರಾರಿಲ್ಲ, ಕ್ಲಬ್ ಕಟ್ಟಿದವರೇ ವಿದೇಶಿಯರು. ನನ್ನ ಚಿಂತೆ ಮರಾಸ್ಸಿಯದು. 1990ರ ವಿಶ್ವಕಪ್‌ಗೆ ಮರುಕಟ್ಟಿದ ಆ ಸ್ಟೇಡಿಯಂನಲ್ಲಿ ಓಟದ ಟ್ರ್ಯಾಕ್ ಇಲ್ಲ, ಸ್ಟ್ಯಾಂಡುಗಳು ಗೆರೆಗೆ ಅಂಟಿಕೊಂಡಂತಿವೆ. ಅದನ್ನು ಈಗ ನವೀಕರಿಸುವ ಮಾತು ನಡೆದಿದೆ. ಮಾಡಲಿ, ಶೌಚಾಲಯ ಸರಿಯಾಗಲಿ, ಚಾವಣಿ ಸರಿಯಾಗಲಿ. ಆದರೆ ನವೀಕರಣದ ಲೆಕ್ಕ ತುಂಬಿಸಲು ಉತ್ತರದ ಸ್ಟ್ಯಾಂಡಿನ ಟಿಕೆಟ್ ದರ ಏರಿಸಿದರೆ, ಸೀರಿ ಸಿಯಲ್ಲೂ ಜತೆ ಬಿಡದ ಬಂದರಿನ ಕೂಲಿ, ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗಿ ಹೊರಗೆ ನಿಲ್ಲುತ್ತಾರೆ. ಅವರ ಜಾಗದಲ್ಲಿ ಯಾರನ್ನು ಕೂರಿಸಿದರೂ ಅದು ಜೆನೋವಾ ಆಗುವುದಿಲ್ಲ.