ಸೆವೆನಿಶ್ ಊಟ

ಲಂಡನ್ನಿನಿಂದ ಅಕ್ಕನ ಮಗಳು ಬಂದಿದ್ದಳು. ರಾತ್ರಿ ಊಟಕ್ಕೆ ಕರೆದಿದ್ದೆವು. ‘ಸೆವೆನಿಶ್ ಬರ್ತೀನಿ ಮಾವ’ ಅಂತ ಮೆಸೇಜ್ ಬಂತು. ‘ಏಳಕ್ಕಂತೆ’ ಅಂದೆ. ಅಮ್ಮ ಆರೂವರೆಗೇ ಹೋಳಿಗೆಗೆ ಹೆಂಚಿಟ್ಟಳು.

ಏಳಾಯಿತು. ಏಳೂ ಇಪ್ಪತ್ತಾಯಿತು. ಹೆಂಡತಿ ನನ್ನ ಫೋನ್ ಕಿತ್ಕೊಂಡು ಮೆಸೇಜ್ ನೋಡಿದಳು.

‘ಸೆವೆನ್ ಅಲ್ಲರೀ, ಸೆವೆನಿಶ್. ಒಂದು ಇಶ್‌ಗೆ ಎಷ್ಟು ನಿಮಿಷ?’

ಯಾರಿಗೆ ಗೊತ್ತು!

ಈ ಇಶ್ ನನ್ನ ಹಳೇ ವೈರಿ. ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಆಫೀಸಿನಿಂದ ಪೇಂಟರ್‌ಗೆ ಫೋನ್ ಮಾಡಿ, ‘ಹಾಲ್ ಗೋಡೆ ಬಿಳೀನೇ ಇರಲಿ, ಸ್ವಲ್ಪ ಗ್ರೀನಿಶ್’ ಅಂದಿದ್ದೆ. ಸಂಜೆ ಬಂದು ನೋಡಿದರೆ ಗಿಳಿಹಸಿರು.

‘ಗ್ರೀನಿಶ್ ಅಂದಿದ್ನಲ್ಲಪ್ಪಾ!’

‘ಅದಕ್ಕೇ ಸಾರ್, ಎರಡು ಕೋಟ್ ಕೊಟ್ಟಿದೀನಿ.’

ತಪ್ಪು ಅವನದಲ್ಲ. ನಸುಹಸಿರು ಅಂದಿದ್ದರೆ ‘ನಸು’ ಮೊದಲೇ ಬಂದು ಕೈ ಹಿಡಿದು ನಿಲ್ಲಿಸುತ್ತಿತ್ತು. ಇಶ್ ಬರೋದು ಕೊನೆಗೆ. ಅಷ್ಟರಲ್ಲಿ ಬ್ರಷ್ ಡಬ್ಬದೊಳಗೆ ಇಳಿದಿರುತ್ತೆ.

ಮೊದಲು ಅದು ಮರ್ಯಾದಸ್ಥ ಪ್ರತ್ಯಯವೇ ಆಗಿತ್ತು. ಸ್ವೀಡಿಶ್, ಟರ್ಕಿಶ್ ಅಂತ ಯಾವ ಕಡೆಯವರು ಅನ್ನೋದನ್ನು ನೆಟ್ಟಗೆ ಹೇಳುತ್ತಿತ್ತು. ಆಮೇಲೆ ಬಣ್ಣಕ್ಕೆ ಅಂಟಿ ರೆಡ್ಡಿಶ್ ಆಯಿತು. 20ನೇ ಶತಮಾನದಲ್ಲಿ ಗಡಿಯಾರವನ್ನೂ ಹತ್ತಿತು. ಈಗಂತೂ ಜೊತೆಗೆ ಇನ್ನೊಂದು ಪದವೇ ಬೇಡ. ‘ಹಸಿವಾ?’ ಅಂದರೆ ‘ಇಶ್’. ಹೂಂ ಅಂತಲೂ ಅಲ್ಲ, ಉಹೂಂ ಅಂತಲೂ ಅಲ್ಲ. ಇಂಗ್ಲಿಷ್ ಅನ್ನೋ ಹೆಸರಲ್ಲೇ ಇಶ್ ಇದೆ, ಇನ್ನೇನು ಹೇಳೋದು.

ನಾವೇನೂ ಕಮ್ಮಿ ಇಲ್ಲ, ಬಿಡಿ. ‘ಇಪ್ಪತ್ತು ಜನ’ ಅಂದರೆ ಇಪ್ಪತ್ತೇ. ಅದರ ಮುಂದೆ ಒಂದನ್ನು ಸೇರಿಸಿ, ‘ಒಂದು ಇಪ್ಪತ್ತು ಜನ’ ಅಂದರೆ ಇಪ್ಪತ್ತೊಂದು ಆಗಬೇಕು ತಾನೆ? ಆಗಲ್ಲ. ಹದಿನೈದೂ ಆಗಬಹುದು, ಮೂವತ್ತೂ ಆಗಬಹುದು. ಅಡುಗೆಯವರು ಇದನ್ನು ಕೇಳಿದ ಕೂಡಲೇ ಇನ್ನೊಂದು ಸೇರು ಅಕ್ಕಿ ಜಾಸ್ತಿ ಹಾಕುತ್ತಾರೆ. ಇನ್ನು ‘ಸುಮಾರು’ ಇದೆಯಲ್ಲ, ಅದರ ಕಥೆ ಕೇಳಲೇಬೇಡಿ. ಮದುವೆಗೆ ಹೋಗಿ ಬಂದ ನಮ್ಮ ದೊಡ್ಡಪ್ಪ ಕೊಡುತ್ತಿದ್ದ ವರದಿ ಇಷ್ಟೇ: ‘ಸುಮಾರು ಜನ ಬಂದಿದ್ರು. ಊಟ ಸುಮಾರು.’ ಮೊದಲನೇ ಸುಮಾರಿಗೆ ಬೀಗರು ಹಿಗ್ಗಬೇಕು, ಎರಡನೇದಕ್ಕೆ ತಲೆ ತಗ್ಗಿಸಬೇಕು.

ಎಂಟೂ ಹತ್ತಕ್ಕೆ ಬೆಲ್ ಆಯಿತು. ‘ಸಾರಿ ಮಾವ, ಸ್ವಲ್ಪ ಲೇಟಿಶ್’ ಅಂತ ನಗುತ್ತಾ ಒಳಗೆ ಬಂದಳು. ಎಲೆ ಹಾಕಿದೆವು. ಅಮ್ಮ ಆರಿದ ಹೋಳಿಗೆಯನ್ನೆಲ್ಲ ಮತ್ತೆ ಬಿಸಿ ಮಾಡಿದಳು. ಮೊಮ್ಮಗಳು ಎರಡು ತಿಂದಳು. ಅಮ್ಮ ಮೂರನೇದನ್ನು ಎಲೆ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ತುಪ್ಪದ ಮಿಳ್ಳೆ ಬಗ್ಗಿಸುತ್ತಾ ಅಕ್ಕರೆಯಿಂದ ಕೇಳಿದಳು.

‘ಹೊಟ್ಟೆ ತುಂಬ್ತೇನೇ, ಪುಟ್ಟಿ?’

‘ಇಶ್, ಅಜ್ಜಿ.’

ಮಿಳ್ಳೆ ಅಲ್ಲೇ ನಿಂತಿತು. ಅಮ್ಮ ನನ್ನ ಕಡೆ ತಿರುಗಿದಳು.

‘ನನ್ನ ಹೋಳಿಗೆಗೆ ಇಶ್ಶೀ ಅಂದ್ಲೇನೋ?’

ನಾನು ಸ್ವೀಡಿಶ್‌ನಿಂದ ಶುರು ಮಾಡಿದೆ. ಟರ್ಕಿಶ್ ಮುಟ್ಟುವಷ್ಟರಲ್ಲಿ ಹೋಳಿಗೆ, ಮಿಳ್ಳೆ ಎರಡೂ ಅಡುಗೆಮನೆಗೆ ವಾಪಸ್ ಹೋಗಿದ್ದವು. ನನಗೆ ಇನ್ನೂ ಒಂದೂ ಬಡಿಸಿರಲಿಲ್ಲ.